ವಿಠಲರಾಯರು ಸ್ಟೋವಿಗೆ ಗಾಳಿ ಹೊಡೆದದ್ದು

ವಿಠಲರಾಯರು ಬೆಂಕಿಕಡ್ಡಿ ಗೀರುವುದನ್ನು ಕಂಡವರಿಗೆ, ಅವರು ಒಲೆ ಹಚ್ಚುತ್ತಿದ್ದಾರೋ ಬಂಡೆಗೆ ಮದ್ದಿಟ್ಟು ಓಡಲಿದ್ದಾರೋ ಎಂಬ ಸಂದೇಹ ಬರುತ್ತಿತ್ತು. ತೋಳನ್ನು ಉದ್ದಕ್ಕೆ ಚಾಚಿ, ಮುಖವನ್ನು ಹೆಗಲಿನಾಚೆ ತಿರುಗಿಸಿ, ಕಣ್ಣು ಮುಚ್ಚಿ ಗೀರುವರು. ಕಡ್ಡಿ ಹತ್ತಿತೆಂಬುದು ಬೆರಳಿಗೆ ಬಿಸಿ ತಾಗಿದಾಗಲೇ ಅವರಿಗೆ ತಿಳಿಯುವುದು. ನಿರಭ್ರವಾದ ಆಕಾಶದಡಿಯೂ ಕೊಡೆಯನ್ನು ಬೆನ್ನ ಹಿಂದೆ ಕಾಲರಿಗೆ ಸಿಕ್ಕಿಸಿಕೊಂಡು ಗೋಡೆಯಂಚಿಗೇ ನಡೆಯುತ್ತ, ಪ್ರತಿ ಮಾತಿನ ಬಾಲಕ್ಕೆ "ಆಮೇಲೆ ಏನಾದ್ರೂ ಆದ್ರೆ?" ಎಂದು ಸೇರಿಸುವ ಅವರು ತಿರುವನಂತಪುರದ ನಮ್ಮ ಕಚೇರಿಗೆ ನಿತ್ಯದ ನಗೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು, ಮೇಲಧಿಕಾರಿಯ ಬೂಟಿನ ಸದ್ದಿಗೇ ಬೆವರುತ್ತಿದ್ದ ಕಿರಿಯ ಗುಮಾಸ್ತನಾದ ನಾನು. ಉಳ್ಳೂರಿನಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲೇ ನನ್ನ ವಾಸ. ಅವರ ತಾಯಿ ಗಾಳಿ ಹೊಡೆಯುವ ಸೀಮೆಎಣ್ಣೆ ಸ್ಟೋವ್ ಸಿಡಿದು ತೀರಿಕೊಂಡರೆಂದು ತಿಳಿದ ಮೇಲೆ ನನ್ನ ನಗು ನಿಂತಿತು.

ಎಪ್ಪತ್ತೊಂದನೇ ಇಸವಿಯಲ್ಲಿ ಅವರ ಹೆಂಡತಿ ಸುಮಿತ್ರಮ್ಮ ಐದು ತಿಂಗಳ ಬಸುರಿ. ಹಿಂದೆ ಎರಡು ಬಾರಿ ಕೂಸು ನಿಲ್ಲದ ಮನೆ; ಈಗ ಅನ್ನದ ವಾಸನೆಗೇ ವಾಂತಿ. ಎರಡು ದಿನದಲ್ಲಿ ಹೊಟ್ಟೆಗೇನಾದರೂ ಹೋಗದಿದ್ದರೆ ಭರವಸೆ ಕೊಡಲಾರೆ ಎಂದರು ಡಾಕ್ಟರು. ಆಕೆಯ ಬಯಕೆಯೋ ಒಂದೇ: ಕೊಚ್ಚಿಯಲ್ಲಿದ್ದಾಗ ಹೋಟೆಲೊಂದರಲ್ಲಿ ತಿಂದಿದ್ದ, ಚೀನೀ ಬಗೆಯಲ್ಲಿ ಹುರಿದ ತರಕಾರಿ. ಅಲ್ಲಿನ ಅಡುಗೆಯವನು ಬಾಣಲೆಯ ಸುತ್ತ ಎಬ್ಬಿಸಿದ ಜ್ವಾಲೆ ಕಂಡು ರಾಯರು ಅಂದು ಅರ್ಧ ಊಟಕ್ಕೇ ಎದ್ದು ಬಂದಿದ್ದರಂತೆ.

ಸೋಯಾ ಸಾಸಿನ ಬಾಟಲಿಯನ್ನು ನಾನು ಕೊಚ್ಚಿಯಿಂದ ತರಿಸಿದೆ. ಪಕ್ಕದ ಮನೆಯ ಪ್ರೇಮಚೇಚಿ ತಮ್ಮ ಕಬ್ಬಿಣದ ಬಾಣಲೆ, ಅವರ ಮಾತಿನ ಚೀನಚಟ್ಟಿ, ತಂದುಕೊಟ್ಟರು. ರಾಯರು ಅದನ್ನು ಮೂಗಿಗೆ ಹಿಡಿದರು.

"ಪೇಡಿಕ್ಕಂಡ ಸಾರೇ, ಇದಿಲ್ ಮೀನ್ ತೊಟ್ಟಿಟ್ಟಿಲ್ಲ." ಹೆದರಬೇಡಿ, ಇದಕ್ಕೆ ಮೀನು ಸೋಕಿಲ್ಲ ಎಂದು ಆಕೆ ನಕ್ಕರು.

ಮೊದಲ ದಿನ ರಾಯರು ಸಣ್ಣ ಉರಿಯಲ್ಲಿ ಕೋಸು, ಕ್ಯಾರೆಟ್, ಹುರುಳಿಕಾಯಿ ಹಾಕಿ, ಸಾಸು ಸುರಿದು, ತಾಯಿ ಮಾಡುವುದನ್ನು ಕಂಡಿದ್ದಂತೆ ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ದೂರ ನಿಂತರು. ಸುಮಿತ್ರಮ್ಮ ಒಂದು ತುತ್ತಿಗೇ ಬಚ್ಚಲಿಗೆ ಓಡಿದರು.

"ರೀ, ಇದು ಪಲ್ಯಕ್ಕೆ ಮಸಿ ಬಳಿದ ಹಾಗಿದೆ. ಉರಿ ಜೋರಿರಬೇಕು, ಮುಚ್ಚಬಾರದು."

"ಆಮೇಲೆ ಏನಾದ್ರೂ ಆದ್ರೆ?"

"ಈಗ ಆಗ್ತಿರೋದು ಏನ್ರೀ ಮತ್ತೆ?"

ಮರುದಿನ ಬೆಳಿಗ್ಗೆ ರಾಯರು ಹೆಂಡತಿಯನ್ನು ಪ್ರೇಮಚೇಚಿಯ ಜಗಲಿಗೆ ಕಳಿಸಿ, ಪಂಚೆ ಎತ್ತಿ ಕಟ್ಟಿ, ಒದ್ದೆ ಗೋಣಿ, ಕೊಡ ನೀರು ಹತ್ತಿರವಿಟ್ಟುಕೊಂಡರು. "ಅನಂತ, ಪಕ್ಕದಲ್ಲೇ ನಿಂತಿರಯ್ಯಾ."

"ಇದ್ದೀನಿ ಸಾರ್, ನೀವು ಹೆದರಬೇಡಿ," ಎಂದೆ ಎದೆಯುಬ್ಬಿಸಿ.

ಗಾಳಿ ಹೊಡೆದರು. ಸ್ಟೋವ್ ಭುಸುಗುಟ್ಟಿತು, ನೀಲಿ ಉರಿ ಚಟ್ಟಿಯ ಅಂಚನ್ನು ನೆಕ್ಕುತ್ತ ಮೇಲೇರಿತು. ಹೊಗೆಯಾಡುವ ಎಣ್ಣೆಗೆ ತರಕಾರಿ ಬಿದ್ದು ಚುರ್ರೆಂದಾಗ ಏನಾಯಿತೋ, ನನಗೆ ಎಚ್ಚರ ಬಂದಾಗ ನಾನು ಅಂಗಳದಾಚೆಯ ಬಾವಿಕಟ್ಟೆಯ ಹಿಂದಿದ್ದೆ. ಕಿಟಕಿಯಲ್ಲಿ ರಾಯರು ಕಾಣುತ್ತಿದ್ದರು: ತುಟಿ ಏನನ್ನೋ ಜಪಿಸುತ್ತಿತ್ತು, ಸೌಟು ಹಿಡಿದ ತೋಳು ಉದ್ದಕ್ಕೆ ಚಾಚಿತ್ತು, ಆದರೆ ಮುಖ ಬೆಂಕಿಯ ಕಡೆಗಿತ್ತು, ಕಣ್ಣು ತೆರೆದಿತ್ತು.

ಜಗಲಿಯಿಂದ ಮರಳಿದ ಸುಮಿತ್ರಮ್ಮ ಒಂದು ತುತ್ತು ಉಂಡರು. ಎಲ್ಲರೂ ಬಚ್ಚಲಿನ ಬಾಗಿಲು ನೋಡಿದೆವು. ಇನ್ನೊಂದು ತುತ್ತು.

"ಉಪ್ಪು ಜಾಸ್ತಿ," ಎಂದು ತಟ್ಟೆ ಚಾಚಿದರು. "ಇನ್ನೂ ಸ್ವಲ್ಪ ಹಾಕಿ."

ಬಡಿಸುತ್ತಲೇ ರಾಯರು ನನ್ನತ್ತ ತಿರುಗಿದರು. "ಬಾವಿಕಟ್ಟೆ ಹತ್ರ ಗಾಳಿ ಚೆನ್ನಾಗಿತ್ತೇನಯ್ಯಾ?"

ಮಾರನೆಯ ದಿನವೂ ಅವರು ಮುಖ ತಿರುಗಿಸಿಯೇ ಕಡ್ಡಿ ಗೀರಿದರು. ಅಂಜುವವರ ಕುಲವೇ ಹಾಗೆ. ಅಂಜಿಕೆ ಅವರನ್ನು ಬಿಡುವುದಿಲ್ಲ, ಅದನ್ನೂ ಕೈಹಿಡಿದು ಕರೆತಂದು ಒಲೆಯ ಮುಂದೆ ನಿಲ್ಲುತ್ತಾರೆ. ನಮ್ಮಂಥ ಧೈರ್ಯವಂತರು ಉರಿಯನ್ನು ಮೊದಲ ಬಾರಿಗೆ ಕಾಣುವುದು ಅದು ಎದ್ದಾಗ. ಅವರೋ ಮನಸ್ಸಿನಲ್ಲಿ ನೂರು ಸಲ ಸುಟ್ಟುಕೊಂಡೇ ಅಡುಗೆಮನೆಯೊಳಗೆ ಕಾಲಿಟ್ಟವರು.