ಮುಳುಗಿದವಳು ಚಹಾ ಕುಡಿದ ದೃಶ್ಯ

ಅಟ್ಲಾಸ್ ಬೆಟ್ಟದ ಈಚೆಗಿರುವ ನಮ್ಮ ವರ್ಜಾಜಾತ್ ಊರಿನಲ್ಲಿ ಸಿನಿಮಾದೊಳಗೆ ಒಮ್ಮೆಯಾದರೂ ಸಾಯದ ಮುದುಕಿಯರು ಕಡಿಮೆ. ನಾನು ಬಾಣ ತಗುಲಿ ಸತ್ತಿದ್ದೇನೆ, ಪ್ಲೇಗು ಬಂದು ಸತ್ತಿದ್ದೇನೆ, ಕೋಟೆಯ ಗೋಡೆ ಮೈಮೇಲೆ ಬಿದ್ದು ಸತ್ತಿದ್ದೇನೆ. ಚಂದ್ರ ಒಡೆದು ಎರಡಾಗುವ ಸಿನಿಮಾ ಒಂದು ಬಂತಲ್ಲ, ಅದರಲ್ಲಿ ನೀರಿನಲ್ಲಿ ಮುಳುಗಿ ಸತ್ತೆ. ನನ್ನ ಪಕ್ಕದಲ್ಲೇ ನನ್ನ ಗೆಳತಿ ತೂದಾ ಕೂಡ ಸತ್ತಳು.

ಶೂಟಿಂಗಿಗೆ ಜನ ಸೇರಿಸಿಕೊಡುವವನು ಬಾಸ್ಸೂ. ಅವನು ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ ಕತೆ ಹೇಳಿದ. ಚಂದ್ರ ಒಡೆದ ಕೂಡಲೇ ಸಮುದ್ರ ಉಕ್ಕಿ, ಅಟ್ಲಾಸ್ ಬೆಟ್ಟವನ್ನು ಹಾರಿ ನಮ್ಮೂರ ಮೇಲೆ ಬೀಳುತ್ತದಂತೆ. ಎಲ್ಲರೂ ತಲೆಯಾಡಿಸಿದರು. ತೂದಾ ಮಾತ್ರ ಸುಮ್ಮನಿರಲಿಲ್ಲ.

"ಅಲ್ಲೋ ಬಾಸ್ಸೂ, ತಿಶ್ಕಾ ಘಾಟಿ ಹತ್ತೋಕೆ ಬಸ್ಸೇ ನಡುವೆ ನಿಂತು ಏದುಸಿರು ಬಿಡತ್ತೆ. ಸಮುದ್ರ ಇಲ್ಲಿಗೆ ಬರೋ ಹೊತ್ತಿಗೆ ಒಂದು ಲೋಟ ಉಳಿದಿರತ್ತೋ ಇಲ್ವೋ."

ನೀವು ಓಡಿದರೆ ಸಾಕು, ನೀರಿನ ವಿಚಾರ ದೊಡ್ಡವರು ನೋಡಿಕೊಳ್ಳುತ್ತಾರೆ ಎಂದ ಅವನು. ಅಲ್ಲಿ ನೀರು ಎಲ್ಲಿತ್ತು? ಟ್ಯಾಂಕರಿನಿಂದ ಪೈಪು ಹಿಡಿದು ನಮ್ಮ ಬಟ್ಟೆ ನೆನೆಸಿದರು, ಅಷ್ಟೇ. ಹಿಂದೆ ಒಂದು ದೊಡ್ಡ ಹಸಿರು ಪರದೆ, ಅಲೆಯನ್ನು ಆಮೇಲೆ ಅದರ ಮೇಲೆ ಕೂಡಿಸುತ್ತಾರಂತೆ. ಅದನ್ನು ನೋಡಿ ಹೆದರಿ ಕಿರುಚಿಕೊಂಡು ಓಡಬೇಕು. ಓಡಿದೆವು. ಒದ್ದೆ ಬಟ್ಟೆಯ ಕೆಳಗೆ ಒಣ ಧೂಳು ಎದ್ದಿತು. ತೂದಾ ಕ್ಯಾಮೆರಾದ ಹತ್ತಿರವೇ ಎಡವಿ, ಬಾಯಿ ತೆರೆದು ಕೂಗಿ ಬಿದ್ದಳು. ನಿಜವಾಗಿಯೂ ಮಂಡಿ ತರಚಿತ್ತು. ಕೂಗು ಚೆನ್ನಾಗಿ ಬಂತೆಂದು ಅವರು ಚಪ್ಪಾಳೆ ತಟ್ಟಿದರು.

ಅಲೆಯಲ್ಲಿ ಹೋದವರು ಮುಂದಿನ ದೃಶ್ಯಗಳಲ್ಲಿ ಕಾಣಿಸಿಕೊಳ್ಳುವಂತಿಲ್ಲ. ಬೆಟ್ಟದ ಮೇಲಿನ ಗುಡಾರಗಳಿಗೆ ಬದುಕಿ ಉಳಿದವರು ಮಾತ್ರ ಬರಬೇಕು. ಆದರೆ ಆ ದೃಶ್ಯ ತೆಗೆಯುವ ದಿನ ಊರಲ್ಲಿ ಒಂದು ದೊಡ್ಡ ಮದುವೆ. ಬದುಕಿದವರಲ್ಲಿ ಅರ್ಧ ಜನ ಅಲ್ಲಿಗೆ ಹೋಗಿಬಿಟ್ಟರು. ಸಾಲು ತುಂಬಲಿಲ್ಲ. ಬಾಸ್ಸೂ ಓಡಿಬಂದು ತೂದಾಗೆ ಬೇರೆ ಬಣ್ಣದ ಶಾಲು ಹೊದಿಸಿ, ಮುಖ ಆ ಕಡೆ ತಿರುಗಿಸಿಕೊಂಡಿರಿ ಎಂದು ಹೇಳಿ ನಿಲ್ಲಿಸಿದ. ನನ್ನನ್ನು ಕರೆಯಲಿಲ್ಲ. ನಾನು ಸತ್ತವಳಾಗಿ, ಶೂಟಿಂಗಿನ ಜಾಗಕ್ಕೆ ಕಟ್ಟಿದ ಹಗ್ಗದ ಈಚೆ ಕೂತು ನೋಡುತ್ತಿದ್ದೆ.

ಮುಂದೆ ನಾಯಕಿ ಅಳುತ್ತಿದ್ದಳು. ಹಿಂದೆ ಸಾಲಿನಲ್ಲಿ ನಿಂತವರಿಗೆ ಚಹಾ ಕೊಡುತ್ತಿದ್ದರು. ಚಹಾ ನಿಜದ್ದೇ, ಆದರೆ ಸಕ್ಕರೆ ಇಲ್ಲ. ತೂದಾ ಒಂದು ಗುಟುಕು ಕುಡಿದಳು. ಮೂಗು ಸುಕ್ಕುಗಟ್ಟಿತು. ನೇರ ಕ್ಯಾಮೆರಾದ ಕಡೆ ತಿರುಗಿ, "ಸಕ್ಕರೆ ಹಾಕೋದು ಮರೆತ್ರೇನಪ್ಪಾ?" ಎಂದಳು. ಆಮೇಲೆ ತನ್ನ ಮಾತಿಗೆ ತಾನೇ ನಕ್ಕಳು. ಎಲ್ಲರ ಕಣ್ಣೂ ನಾಯಕಿಯ ಮೇಲಿತ್ತು. ಇದನ್ನು ಯಾರೂ ನೋಡಲಿಲ್ಲ.

ಆ ಚಳಿಗಾಲ ತೂದಾ ನಿಜವಾಗಿಯೇ ಹೋದಳು. ಕೆಮ್ಮು ಎದೆಗಿಳಿದು, ಬೇಗನೆ. ಅವಳ ಒಬ್ಬಳೇ ಮಗಳು ರಕಿಯಾ ಆಗ ದೂರದ ಸಮುದ್ರತೀರದ ಅಗಾದಿರಿನಲ್ಲಿ ಮೀನಿನ ಕಾರ್ಖಾನೆಯಲ್ಲಿದ್ದಳು. ಅವಳು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನಮ್ಮಲ್ಲಿ ಹೆಣವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಆಮೇಲೆ ಅವಳು ತಾಯಿಯ ಮನೆಯಲ್ಲೇ ಉಳಿದು ಊರಲ್ಲೇ ಕೆಲಸ ಹಿಡಿದಳು. ತಾಯಿಯ ಮುಖ ಅಂತ ಅವಳಿಗೆ ಉಳಿದದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ತೂದಾ ಪೊಲೀಸರ ಎದುರು ನಿಂತವಳ ಹಾಗೆ ಬಿಗಿದುಕೊಂಡಿದ್ದಾಳೆ. ಯಾರಾದರೂ ಫೋಟೋ ತೆಗೆಯಲು ಫೋನು ಎತ್ತಿದರೆ ಸಾಕು, ಶಾಲಿನ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದ ಹೆಂಗಸು ಅವಳು. ಹಾಗಾದರೆ ಸಿನಿಮಾಕ್ಕೆ ಹೇಗೆ ನಿಲ್ಲುತ್ತೀ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅದು ನಾನಲ್ಲ, ಸಿನಿಮಾದವಳು ಎಂದಿದ್ದಳು.

ನಮ್ಮೂರಲ್ಲಿ ಸಿನಿಮಾ ತೆಗೆಯುತ್ತಾರೆ, ತೋರಿಸುವುದಿಲ್ಲ. ಚಿತ್ರಮಂದಿರಕ್ಕೆ ಬೀಗ ಬಿದ್ದು ಬಹಳ ಕಾಲವಾಯಿತು. ಹಾಗಾಗಿ ಚಂದ್ರ ಒಡೆದ ಸಿನಿಮಾ ಬಂದುಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಬಹಳ ದಿನದ ಮೇಲೆ, ಅದೂ ಯಾವುದೋ ದೂರ ದೇಶದ ಹುಡುಗನೊಬ್ಬ ಆ ಸಿನಿಮಾದ ತಪ್ಪುಗಳನ್ನು ಹೆಕ್ಕಿ ಹಾಕಿದ ವಿಡಿಯೋದಿಂದ. ರಕಿಯಾ ತಲೆಗೆ ಶಾಲೂ ಇಲ್ಲದೆ ನನ್ನ ಮನೆಗೆ ಬಂದು, ಉಸಿರು ತಿರುಗದೆ ಫೋನನ್ನು ನನ್ನ ಕೈಗೆ ತುರುಕಿದಳು.

ಆ ಹುಡುಗ ನಗುತ್ತ ತೋರಿಸುತ್ತಿದ್ದ. ಒಡೆದ ಚಂದ್ರ ಮರುದಿನ ಆಕಾಶದಲ್ಲಿ ದುಂಡಗೆ ಇದ್ದಾನೆ. ನಾಯಕನ ಎಡಗೈಗೆ ಕಟ್ಟಿದ ಪಟ್ಟಿ ಬಾಗಿಲು ದಾಟುವಷ್ಟರಲ್ಲಿ ಬಲಗೈಗೆ ಹೋಗಿದೆ. ಊರನ್ನೇ ಕಿತ್ತುಹಾಕುವ ಗಾಳಿಯಲ್ಲಿ ಮೇಣದ ಬತ್ತಿ ಅಲುಗದೆ ಉರಿಯುತ್ತಿದೆ. ಪ್ರಳಯದ ನೀರು ಬರುವ ಮೊದಲೇ ನೆನೆದ ಜನ ಧೂಳೆಬ್ಬಿಸಿ ಓಡುತ್ತಾರೆ. ಅದು ನಾವು. ಆಮೇಲೆ ತೂದಾ ಬಾಯಿ ತೆರೆದು ಕೂಗುವುದು, ನೀರು ಅವಳನ್ನು ಮುಚ್ಚುವುದು. ಅದರ ಹಿಂದೆಯೇ ಗುಡಾರಗಳು, ಚಹಾದ ಸಾಲು. ಒಂದು ಕೆಂಪು ವೃತ್ತ ಬಂದು ತೂದಾಳ ಮುಖವನ್ನು ಸುತ್ತಿಕೊಂಡಿತು. ಮುಳುಗಿದ ಅಜ್ಜಿಗೆ ನೀರು ಸಾಲದೆ ಚಹಾ ಬೇಕಾಯಿತು ಎಂದು ಹುಡುಗ ಬಿದ್ದು ಬಿದ್ದು ನಕ್ಕ. ಲಕ್ಷಗಟ್ಟಲೆ ಜನ ಅವನ ಜೊತೆ ನಕ್ಕಿದ್ದರು.

ನನಗೆ ಮೈಯೆಲ್ಲ ಉರಿಯಿತು. ರಕಿಯಾಗೆ ಆ ನಗು ಕೇಳಿಸಿರಲೇ ಇಲ್ಲ. ನನ್ನನ್ನು ಅವಳು ಖಾಲ್ತಿ ಎನ್ನುತ್ತಾಳೆ, ಅಂದರೆ ಚಿಕ್ಕಮ್ಮ.

"ಖಾಲ್ತಿ, ನೀವು ಅಲ್ಲೇ ಇದ್ರಲ್ಲ. ಅಮ್ಮ ಏನಂತಿದಾಳೆ ಇಲ್ಲಿ? ದನಿನೇ ಕೇಳಿಸಲ್ಲ."

ಸಕ್ಕರೆಯ ಮಾತು ಹೇಳಿದೆ. ಅವಳು ನಕ್ಕಳು. ತಾಯಿ ಹೋದ ಮೇಲೆ ನಾನು ಅವಳ ನಗು ಕೇಳಿದ್ದು ಅದೇ ಮೊದಲು. ನಗು ಎಲ್ಲಿ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಆಮೇಲೆ ಅವಳು ತಿಂಗಳ ಬಾಡಿಗೆ ಕಟ್ಟಿ ಆ ಸಿನಿಮಾವನ್ನೇ ಫೋನಿಗೆ ತರಿಸಿಕೊಂಡಳು. ಅದರಲ್ಲಿ ಕೆಂಪು ವೃತ್ತವಿಲ್ಲ, ಹುಡುಗನ ನಗುವಿಲ್ಲ. ಕೆಲಸ ಮುಗಿಸಿ ಬಂದವಳು ನೇರ ಗುಡಾರದ ದೃಶ್ಯಕ್ಕೆ ಹೋಗುತ್ತಿದ್ದಳು. ತೂದಾ ಒಂದು ಗುಟುಕು ಕುಡಿದು, ಮೂಗು ಸುಕ್ಕಿಸಿ, ತಿರುಗಿ, ಕೇಳಿ, ನಗುವಳು. ಒಂದು ಉಸಿರು ಬಿಡುವಷ್ಟೇ ಹೊತ್ತು. ನನಗೂ ಅದೊಂದು ಅಭ್ಯಾಸವಾಯಿತು.

ಹೀಗಿರುವಾಗ ಸಿನಿಮಾ ಕಂಪನಿಯವರು ತಪ್ಪುಗಳನ್ನೆಲ್ಲ ತಿದ್ದಿ ಸಿನಿಮಾವನ್ನು ಹೊಸದಾಗಿ ಬಿಡುತ್ತಾರೆಂದು ಸುದ್ದಿ ಬಂತು. ಅಪಹಾಸ್ಯ ಅವರಿಗೂ ಚುಚ್ಚಿರಬೇಕು. ಅವರು ಕೇಳಿಕೊಂಡರೆಂದು ಆ ಹುಡುಗ ತನ್ನ ವಿಡಿಯೋ ತೆಗೆದುಹಾಕಿದ. ಚಹಾದ ದೃಶ್ಯ ಹೋಗುವ ಮೊದಲೇ ರಕಿಯಾ ಸಿನಿಮಾವನ್ನು ನಕಲು ಮಾಡಿಕೊಳ್ಳಲು ನೋಡಿದಳು. ನಕಲಾಗಬಾರದೆಂದು ಫೋನಿನ ಪರದೆ ಆ ಹೊತ್ತಿಗೆ ಸರಿಯಾಗಿ ಕಪ್ಪಾಗುತ್ತಿತ್ತು. ಪಕ್ಕದ ಮನೆಯವರ ಫೋನು ಎದುರಿಗೆ ಹಿಡಿದು ತೆಗೆದರೆ ಬರೀ ಪಟ್ಟೆ, ಮುಖದ ಜಾಗದಲ್ಲಿ ಒಂದು ಬೆಳ್ಳನೆಯ ಕಲೆ. ಸಂತೆಯಲ್ಲಿ ಡಿಸ್ಕು ಮಾರುವವನ ಹತ್ತಿರ ಇದ್ದದ್ದು ಯಾರೋ ಬೇರೆ ಊರಿನ ಚಿತ್ರಮಂದಿರದಲ್ಲಿ ಕೂತು ಕದ್ದು ತೆಗೆದದ್ದು. ಅದರ ಮಬ್ಬಿನಲ್ಲಿ ಗುಡಾರಗಳೇ ಕಾಣವು.

ಇಬ್ಬರೂ ಬಾಸ್ಸೂನನ್ನು ಹುಡುಕಿಕೊಂಡು ಹೋದೆವು. ಅವನು ಹೋಟೆಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ರಕಿಯಾ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದ ಮಾತನ್ನು ಅವನ ಮುಂದಿಟ್ಟಳು.

"ಅವರು ತಪ್ಪು ತಿದ್ದಲಿ ಬಾಸ್ಸೂ ಅಣ್ಣ, ನಾನು ಬೇಡ ಅನ್ನಲ್ಲ. ಆದ್ರೆ ಅಲೆಯಿಂದ ಅಮ್ಮನ್ನ ತೆಗೀಲಿ. ಮುಳುಗಲೇ ಇಲ್ಲ ಅಂದ್ಮೇಲೆ ಚಹಾ ಕುಡಿದ್ರೆ ಏನು ತಪ್ಪು?"

ಬಾಸ್ಸೂ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಮಾತು ಸರಿಯಾಗಿದೆ ಎಂದ. ಅಲ್ಲೇ ಕಂಪನಿಯ ಆಫೀಸಿಗೆ ಫೋನು ಹಚ್ಚಿದ. ಆ ಕಡೆ ಒಬ್ಬ ಹೆಂಗಸು, ಜೇನಿನಂಥ ದನಿ. ಬಾಸ್ಸೂ ತನಗೆ ಬಂದಷ್ಟು ಫ್ರೆಂಚಿನಲ್ಲಿ ತೂದಾಳ ಸಾವು, ಮಗಳು, ಚಹಾ, ಅಲೆ ಎಲ್ಲ ಹೇಳಿದ. ಕೈ ಆಡಿಸಿ ಹೇಳಿದ, ಬೆವರು ಒರೆಸಿಕೊಂಡು ಹೇಳಿದ. ರಕಿಯಾ ಅವನ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ಅವನು ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದ. ಅವಳ ಕಡೆ ನೋಡಲಿಲ್ಲ.

ಅಲೆ ಮುಟ್ಟುವಂತಿಲ್ಲವಂತೆ. ಇಡೀ ಸಿನಿಮಾದ ಖರ್ಚೆಲ್ಲ ಆ ನೀರಿನಲ್ಲೇ ಇದೆಯಂತೆ. ಗುಡಾರದ ದೃಶ್ಯದಲ್ಲಾದರೆ ಒಂದು ಮುಖ ಬದಲಾಯಿಸಿದರೆ ಮುಗಿಯಿತಂತೆ.

"ಮತ್ತೆ ಅಷ್ಟು ಹೊತ್ತು ಏನು ಹೇಳಿದ್ಲು ಆಯಮ್ಮ?" ಎಂದು ನಾನು ಕೇಳಿದೆ.

"ಪಾಪ, ಅತ್ಲು ಖಾಲ್ತಿ," ಎಂದ ಬಾಸ್ಸೂ. "ತೀರಿಕೊಂಡವರನ್ನ ನೋಡಿ ಜನ ನಗಬಾರದಿತ್ತು, ಕ್ಷಮಿಸಿ ಅಂದ್ಲು. ಆ ಮುಖ ತೆಗೆಸೋ ಕೆಲಸ ಎಲ್ಲಕ್ಕಿಂತ ಮೊದಲು ಮಾಡಿಸ್ತೀನಿ ಅಂತ ಮಾತು ಕೊಟ್ಲು. ನಾನು ಅದಲ್ಲ ಮೇಡಂ, ಅದಲ್ಲ ಅಂತ ಎಷ್ಟು ಸಲ ಹೇಳ್ದೆ. ಅವಳು ಸಂಕೋಚ ಬೇಡ, ಸಂಕೋಚ ಬೇಡ ಅಂತಾನೇ ಇದ್ಲು."

ರಕಿಯಾ ಇನ್ನೊಮ್ಮೆ ಮಾಡಿ ಎಂದಳು. ಮಾಡಿದ. ಆಫೀಸಿನ ಹೊತ್ತು ಮುಗಿದಿತ್ತು. ಮರುದಿನ, ಅದರ ಮರುದಿನವೂ ಮಾಡಿದ. ಪ್ರತಿ ಸಲವೂ ಬೇರೆ ಯಾರೋ ಎತ್ತಿದರು, ಎಲ್ಲರೂ ಒಳ್ಳೆಯವರೇ. ನಿಮ್ಮ ಕೆಲಸ ಆಗುತ್ತಿದೆ ಎಂದರು.

ಆಯಿತು. ಒಂದು ಸಂಜೆ ರಕಿಯಾ ಫೋನು ತೆರೆದಾಗ ಹಳೆಯ ಸಿನಿಮಾ ಹೋಗಿ ಹೊಸದು ಅದೇ ಜಾಗದಲ್ಲಿ ಕೂತಿತ್ತು. ನಾವು ಗುಡಾರದ ದೃಶ್ಯ ನೋಡಿದೆವು. ಶಾಲು ತೂದಾ ಹೊದ್ದದ್ದೇ. ಲೋಟ ಹಿಡಿದ ಕೈ, ಮದರಂಗಿಯ ಕಲೆ ಇದ್ದ ಆ ಬೆರಳುಗಳು ತೂದಾಳವು. ತಿರುಗಿದ ಮುಖ ಬೇರೆ ಯಾರದೋ. ಚೆನ್ನಾಗಿಯೇ ಇತ್ತು, ನುಣ್ಣಗೆ, ದುಃಖದಿಂದ ಕೂಡಿ. ಯಾವೂರಿನವಳು ಎಂದು ಬಾಸ್ಸೂನಿಂದ ಕೇಳಿಸಿದೆವು. ಅಂಥವಳು ಎಲ್ಲೂ ಇಲ್ಲವಂತೆ, ಕಂಪ್ಯೂಟರು ಮಾಡಿದ್ದಂತೆ.

ಚಂದ್ರನನ್ನೂ ಸರಿಮಾಡಿದ್ದಾರೆ. ಈಗ ಕೊನೆಯವರೆಗೂ ಎರಡು ಹೋಳಾಗಿಯೇ ಇರುತ್ತಾನೆ. ಹುಡುಕಿದರೂ ತಪ್ಪು ಸಿಗುವುದಿಲ್ಲ.

ತೂದಾಳ ಮುಖ ಇನ್ನು ಇರುವುದು ಅಲೆಯ ದೃಶ್ಯದಲ್ಲಿ ಮಾತ್ರ, ಬಾಯಿ ತೆರೆದು ಕೂಗುವ ಕಡೆ. ಅದಕ್ಕೆ ಸ್ವಲ್ಪ ಮೊದಲು, ಅವಳು ಇನ್ನೂ ಓಡುತ್ತಿರುವಾಗ, ಭಯ ಪಡಲು ಬಾರದೆ ಒಂದು ಗಳಿಗೆ ಅವಳ ತುಟಿ ನಗುವಿನ ಹಾಗೆ ಸರಿಯುತ್ತದೆ. ನೀರು ಆಗ ಬೆಟ್ಟದ ಮೇಲಿರುತ್ತದೆ. ರಕಿಯಾ ಅಲ್ಲಿ ಹೆಬ್ಬೆರಳಿಟ್ಟು ನಿಲ್ಲಿಸುತ್ತಾಳೆ. ಒಮ್ಮೊಮ್ಮೆ ಬೆರಳು ತಡವಾಗಿ ನೀರು ಬಂದೇಬಿಡುತ್ತದೆ. ಅವಳು ಫೋನನ್ನು ಮಗುಚಿ ಹಾಕಿ, ಮತ್ತೆ ಮೊದಲಿನಿಂದ ಹಚ್ಚುತ್ತಾಳೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಬೆರಳು ಸರಿಯಾದ ಹೊತ್ತಿಗೆ ಇಳಿಯಲಿ ಎಂದು ಕಾಯುವುದು ಬಿಟ್ಟು ನನ್ನಿಂದ ಬೇರೇನೂ ಆಗುವುದಿಲ್ಲ.