ಕರಪತ್ರದ ಹಿಂಬದಿ

ಬೊಂಗ್ನಿಮ್‌ಗೆ ಹೊಟ್ಟೆಕಿಚ್ಚು ಹತ್ತಿದ್ದು ಚರ್ಚಿನ ಅಡುಗೆಮನೆಯ ಫ್ರಿಜ್ಜಿನ ಬಾಗಿಲು ನೋಡಿ.

ಕೆಸರುಗಡಲಿನ ದಂಡೆಯ ಬೊಲ್ಗ್ಯೊ ಪೇಟೆಯ ಆ ಚರ್ಚಿನಲ್ಲಿ ಭಾನುವಾರ ಹಂಚುವ ಕರಪತ್ರದ ಹಿಂಬದಿ ಹನ್ನೊಂದು ವರ್ಷದಿಂದ ಅವಳದೇ. ವಾರಕ್ಕೊಂದು ಪುಟ್ಟ ಧ್ಯಾನ ಬರೆಯುತ್ತಿದ್ದಳು. ತಾಳ್ಮೆ, ಕೃತಜ್ಞತೆ, ಸೇವೆ, ಯಾವುದಾದರೂ ಸರಿ, ಬೈಬಲ್ಲಿನ ಮೂರು ವಚನವಂತೂ ಇರಲೇಬೇಕು. ಜನ ಅದನ್ನು ಮಡಚಿ ಬೈಬಲ್ಲಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಇಟ್ಟದ್ದನ್ನು ಮತ್ತೆ ತೆಗೆದು ಓದಿದವರನ್ನು ಯಾರೂ ಕಂಡಿಲ್ಲ, ಆ ಮಾತು ಬೇರೆ.

ಈ ವರ್ಷ ಪಾಸ್ಟರ್ ಅಯ್ಯನವರು, ಒಂದು ವಾರ ಬಿಟ್ಟು ಒಂದು ವಾರ ಮಾಲ್ಸುನ್ ಬರೆಯಲಿ ಎಂದುಬಿಟ್ಟರು. ಸಂತೆಯಲ್ಲಿ ಕಪ್ಪೆಚಿಪ್ಪು ಮಾರುವ ಮಾಲ್ಸುನ್! ದೀಕ್ಷಾಸ್ನಾನವಾಗಿ ಎರಡು ವರ್ಷ ತುಂಬಿಲ್ಲ. ಹೋದ ವಾರ ಅವಳು ಬರೆದದ್ದು ಇಷ್ಟು: ‘ಚಿಪ್ಪು ಕೆಸರು ಉಗುಳಬೇಕಾದರೆ ಉಪ್ಪುನೀರಿಗೆ ಹಾಕಿ, ಮೇಲೆ ಕಪ್ಪುಬಟ್ಟೆ ಮುಚ್ಚಿ ಕಾಯಬೇಕು. ಅವಸರ ಮಾಡಿದರೆ ಹಲ್ಲಿಗೆ ಮರಳು ಸಿಗುತ್ತದೆ. ನನ್ನ ಗಂಡನನ್ನೂ ದೇವರು ಹಾಗೇ ನೆನೆಹಾಕಿದ್ದಾನೆ ಅಂದುಕೊಂಡಿದ್ದೇನೆ.’

ಅದನ್ನು ಯಾರೋ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದರು. ಬೊಂಗ್ನಿಮಳದು ಒಂದೂ ಅಲ್ಲಿಗೆ ಏರಿರಲಿಲ್ಲ.

“ಮಾಲ್ಸುನ್‌ದು ಓದಿದ್ಯೇನೆ? ನಕ್ಕೂ ನಕ್ಕೂ ಅತ್ತೇಬಿಟ್ಟೆ,” ಎಂದಳು ಭಾನುವಾರದ ಊಟಕ್ಕೆ ಸಾರು ಬಡಿಸುತ್ತಿದ್ದ ಮುದುಕಿ ಚೋ.

“ಓದ್ದೆ. ವಚನ ಎಲ್ಲಿದೆ ಅದ್ರಲ್ಲಿ? ಅಡುಗೆ ಪುಸ್ತಕ ಇದ್ದಂಗಿದೆ.”

“ನಿಂದ್ರಲ್ಲಿ ವಚನ ಬಿಟ್ರೆ ಇನ್ನೇನಿರತ್ತೆ ಹೇಳು ನೋಡೋಣ?”

ಬೊಂಗ್ನಿಮ್ ಅನ್ನ ಅರ್ಧಕ್ಕೇ ಬಿಟ್ಟು ಎದ್ದಳು.

ಮಾರನೆಯ ದಿನ ಬೆಳಗಿನ ಐದು ಗಂಟೆಯ ಪ್ರಾರ್ಥನೆಗೂ ಆ ಉರಿಯನ್ನು ಹೊತ್ತುಕೊಂಡೇ ಬಂದಳು. ಅಲ್ಲಿ ಎಲ್ಲರೂ ‘ಕರ್ತನೇ!’ ಎಂದು ಮೂರು ಸಲ ಕೂಗಿ, ಆಮೇಲೆ ತಂತಮ್ಮದನ್ನು ಗಂಟಲು ಹರಿಯುವಂತೆ ಬೇಡಿಕೊಳ್ಳುವುದು ವಾಡಿಕೆ. ಆ ಗದ್ದಲದಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದು. ಸೊಸೆಯನ್ನು ದೂರುವವರು ದೂರುತ್ತಾರೆ, ಅಳುವವರು ಅಳುತ್ತಾರೆ. ಅಯ್ಯನವರು ಪುಟ್ಟ ಗಂಟೆಯನ್ನು ಒಮ್ಮೆ ಒತ್ತಿದರೆ ಎಲ್ಲರೂ ಗಪ್‌ಚುಪ್.

ಗಂಟೆ ಆಯಿತು. ಬೊಂಗ್ನಿಮ್‌ಗೆ ಕೇಳಿಸಲಿಲ್ಲ.

“ಆ ಮಾಲ್ಸುನ್ ಪೆನ್ನು ಒಣಗಿಹೋಗ್ಲಿ ಕರ್ತನೇ! ಅವಳ ತಲೇಲಿ ಒಂದಕ್ಷರಾನೂ ಹುಟ್ಟದೇ ಇರ್ಲಿ!”

ಕಣ್ಣು ಬಿಟ್ಟರೆ ಇಡೀ ಚರ್ಚು ನಿಶ್ಶಬ್ದ. ಎರಡು ಸಾಲು ಮುಂದೆ ಮಾಲ್ಸುನ್ ತಲೆ ಬಗ್ಗಿಸಿ ಕೂತಿದ್ದಳು. ಒಬ್ಬರೂ ತಿರುಗಿ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು, ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಬುಧವಾರ ಸಂಜೆ ಮಾಲ್ಸುನ್ ಬೊಂಗ್ನಿಮಳ ಮನೆ ಬಾಗಿಲಿಗೇ ಬಂದಳು. ರಬ್ಬರ್ ಬೂಟಿಗೆ ಇನ್ನೂ ಕೆಸರು ಮೆತ್ತಿತ್ತು, ಕೈಯಲ್ಲಿ ಖಾಲಿ ಹಾಳೆ.

“ಅಕ್ಕಾ, ನಿಮ್ಮ ಪ್ರಾರ್ಥನೆ ಫಲಿಸ್ತು. ಮೂರು ದಿನದಿಂದ ಕೂತಿದೀನಿ, ಒಂದಕ್ಷರ ಬರ್ತಿಲ್ಲ. ನಾಳೆ ಅಚ್ಚಿಗೆ ಕೊಡ್ಬೇಕಲ್ಲ.”

“ಅಯ್ಯೋ, ಅದೇನೋ ಸಿಟ್ನಲ್ಲಿ ಅಂದಿದ್ದು. ಹಂಗೆಲ್ಲ ಆಗತ್ತಾ?”

“ಆಗದೇ ಏನು? ಹನ್ನೊಂದು ವರ್ಷದಿಂದ ಬರೀತಿರೋರು ನೀವು. ನಿಮ್ಮ ಮಾತು ದೇವ್ರು ಕೇಳ್ದೇ ಇರ್ತಾನಾ? ಬೀಗ ಹಾಕ್ದೋರು ನೀವು, ನೀವೇ ತೆಗೀರಿ ಅಕ್ಕಾ.”

ಬೊಂಗ್ನಿಮ್ ಅವಳ ಮುಖ ನೋಡಿದಳು. ಕೊಂಕು ಲವಲೇಶವೂ ಇಲ್ಲ! ಹೆಂಗಸು ನಿಜಕ್ಕೂ ನಂಬಿದ್ದಳು. ಬೊಂಗ್ನಿಮಳ ಪ್ರಾರ್ಥನೆಯನ್ನು ಇಷ್ಟು ನಂಬಿದವರು ಇದುವರೆಗೆ ಯಾರೂ ಇರಲಿಲ್ಲ, ಸ್ವತಃ ಬೊಂಗ್ನಿಮ್ ಕೂಡ. ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಗುರುವಾರ ಬೆಳಿಗ್ಗೆ ಮತ್ತೆ ಅದೇ ಗದ್ದಲ. ಬೊಂಗ್ನಿಮ್ ಹಣೆಯನ್ನು ಮುಂದಿನ ಬೆಂಚಿಗೆ ಒತ್ತಿ ಬೇಡಿದಳು.

“ಕರ್ತನೇ, ನನ್ನ ಹೊಟ್ಟೆ ಇನ್ನೂ ಉರೀತಾನೇ ಇದೆ. ನಿನಗೆ ಗೊತ್ತು. ಆದ್ರೂ ಅವಳಿಗೆ ಕೊಡು. ಚೆನ್ನಾಗಿ ಬರೀಲಿ ಅವಳು...”

ಗಂಟೆ ಆಯಿತು. ಈ ಸಲ ಅವಳಿಗೆ ಕೇಳಿಸಿತು. ಇಡೀ ಚರ್ಚು ಸುಮ್ಮನಾಯಿತು. ಬೊಂಗ್ನಿಮ್ ದನಿಯನ್ನು ಇನ್ನಷ್ಟು ಏರಿಸಿದಳು.

“ನನಗಿಂತ ಚೆನ್ನಾಗಿ ಕರ್ತನೇ! ನನಗಿಂತ ಚೆನ್ನಾಗಿ!”