ಅರ್ಧಕ್ಕೆ ಇಳಿಸಿದ ನೀರು

ಕರಗಿದ ಸತುವಿನ ಹೊಗೆ, ಅದರ ಜೊತೆಗೆ ಮೂಗಿಗೆ ಚುಚ್ಚುವ ಆಮ್ಲದ ವಾಸನೆ. ಬಾಲ್ಯ ಎಂದರೆ ನನಗೆ ಮೊದಲು ನೆನಪಾಗುವುದು ಅದೇ. ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ ಕೊಳವೆ, ಹಿಡಿ, ಮೂತಿ ಎಂದು ಬಿಡಿಬಿಡಿಯಾಗಿ ಬಿದ್ದಿದ್ದ ನನ್ನನ್ನು ಆಮ್ಲದಲ್ಲಿ ತೊಳೆದು, ಸತುವಿನಲ್ಲಿ ಅದ್ದಿ ಎತ್ತಿದರು. ತುಕ್ಕು ಹಿಡಿಯದಿರಲಿ ಎಂದು. ಲಾರಿಗೆ ಏರಿಸುವ ಮುಂಚೆ ವಯಸ್ಸಾದ ಕೆಲಸಗಾರನೊಬ್ಬ ನನ್ನ ಮೂತಿಯ ಅಂಚಿಗೆ ಅರ ಹಾಕಿ ನುಣುಪು ಮಾಡಿದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. "ಮಕ್ಳು ಬಾಯಿ ಇಟ್ಟು ಕುಡೀತಾವೆ, ತುಟಿ ಕುಯ್ದೀತು" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆ ಮಾತು ಬಹಳ ಕಾಲ ನನಗೆ ಹೆಮ್ಮೆಯಾಗಿತ್ತು. ಈಗ ನೆನೆದರೆ ತಲೆ ತಗ್ಗುತ್ತದೆ.

ನಾನು ಒಂದು ಕೈಪಂಪು. ಚಿತ್ರದುರ್ಗದ ಆಚೆ, ಕಲ್ಲುಗುಡ್ಡಗಳ ನಡುವಿನ ಬೋರನಹಟ್ಟಿಯ ಜನ ನನ್ನನ್ನು ಬೋರಿಂಗು ಎನ್ನುತ್ತಿದ್ದರು.

ನಾನು ಬರುವ ಮೊದಲು ಹಟ್ಟಿಗೆಲ್ಲ ಇದ್ದದ್ದು ಒಂದು ಮೆಟ್ಟಿಲು ಬಾವಿ. ಮನುಷ್ಯರು ಕಾಲು ತೊಳೆಯುತ್ತಿದ್ದದ್ದೂ ಅಲ್ಲೇ, ಕೊಡ ಅದ್ದುತ್ತಿದ್ದದ್ದೂ ಅಲ್ಲೇ. ಒಂದು ಬೇಸಿಗೆ ವಾಂತಿಭೇದಿ ಹರಡಿತು. ಬೇವಿನ ಮರದ ಪಕ್ಕದ ಮನೆಯ ಓಬಕ್ಕ ತನ್ನ ಮೊದಲ ಮಗನನ್ನು ಕಳೆದುಕೊಂಡಳು. ಆಗ ಹಟ್ಟಿಗೆ ಬರುತ್ತಿದ್ದ ನರ್ಸಮ್ಮ ಎಸ್ತರ್. ಎಲ್ಲರೂ ಅವರನ್ನು ಸಿಸ್ಟರು ಎಂದೇ ಕರೆಯುತ್ತಿದ್ದರು. ಆ ಮಗುವನ್ನು ಎತ್ತಿಕೊಂಡು ಬಸ್ಸಿನ ರಸ್ತೆಯತ್ತ ಓಡಿದವರು ಅವರು. ದಾರಿಯಲ್ಲೇ ಮಗು ಹೋಯಿತು. ಆಮೇಲೆ ಸಿಸ್ಟರು ತಾಲ್ಲೂಕು ಕಚೇರಿಗೆ ಎಡತಾಕಿ, ಬೈಸಿಕೊಂಡು, ಬೇಡಿಕೊಂಡು ನನ್ನನ್ನು ತರಿಸಿದರು.

ನನ್ನ ಮೊದಲ ನೀರು ಚಿಮ್ಮಿದ ದಿನ ಹಟ್ಟಿಯ ಹೆಂಗಸರು ನನಗೆ ಅರಿಸಿನ ಕುಂಕುಮ ಹಚ್ಚಿದರು. ಓಬಕ್ಕ ದೂರ ನಿಂತಿದ್ದಳು. ಆಗ ಅವಳು ಬಸುರಿ.

"ಬಾ ಓಬಕ್ಕ, ನಿನ್ನ ಕೊಡ ಮೊದ್ಲು ತುಂಬಲಿ" ಎಂದು ಸಿಸ್ಟರೇ ನನ್ನ ಹಿಡಿ ಒತ್ತಿದರು.

"ಈ ನೀರೂ ಕಾಸೇ ಕುಡೀಬೇಕಾ ಸಿಸ್ಟ್ರೆ?"

"ಯಾವ ನೀರಾದ್ರೂ ಕಾಯಿಸಿ ಕುಡಿ. ಚೆನ್ನಾಗಿ ಕುದಿಸು. ಆಮೇಲೆ ಭಯ ಇಲ್ಲ."

ಓಬಕ್ಕ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅವಳ ಒಲೆ ಅಂಗಳದಲ್ಲಿತ್ತು, ನನ್ನ ಎದುರಿಗೇ. ದಿನವೂ ನೋಡುತ್ತಿದ್ದೆ. ಮಣ್ಣಿನ ಗಡಿಗೆ ತುಂಬ ನನ್ನ ನೀರು ಇಟ್ಟು, ಜಾಲಿ ಸೌದೆ ಉರಿಸಿ, ಅದು ಅರ್ಧಕ್ಕೆ ಇಳಿಯುವವರೆಗೂ ಕುದಿಸುತ್ತಿದ್ದಳು. ಜ್ವರ ಬಂದವರಿಗೆ ಕಷಾಯ ಇಳಿಸುವುದು ಹಾಗೆಯೇ ತಾನೇ. ಮಗ ಸತ್ತ ಮನೆಯಲ್ಲಿ ಕುಡಿಯುವ ನೀರೂ ಔಷಧಿಯಾಗಿತ್ತು.

ಪಕ್ಕದ ಮನೆಯ ಮಾರಕ್ಕನಿಗೆ ಇದೊಂದು ತಮಾಷೆ. "ಸೌದೆ ಹಾಕಿ ನೀರು ಸುಡೋಳು ಈ ಹಟ್ಟೀಲಿ ಇವಳೊಬ್ಬಳೇ ಕಣ್ರೇ. ನಾಳೀಕೆ ಗಾಳೀನೂ ಹುರ್ಕಂಡು ಉಸಿರಾಡ್ತಾಳೆ" ಎನ್ನುವಳು. ಹೇಳುತ್ತಾ ನನ್ನ ಮೂತಿಗೆ ಬೊಗಸೆ ಒಡ್ಡಿ ಹಾಗೇ ಕುಡಿಯುವಳು.

ಸಿಸ್ಟರು ಕೇಳಿಸಿಕೊಂಡು ಗದರಿಸುತ್ತಿದ್ದರು. "ನಗ್ತೀಯಲ್ಲ ಮಾರಕ್ಕ, ಓಬಕ್ಕನ್ನ ನೋಡಿ ಕಲಿ. ಈ ಹಟ್ಟೀಲಿ ನನ್ನ ಮಾತು ನಡೆಸೋಳು ಅವಳೊಬ್ಬಳೇ."

ಓಬಕ್ಕನಿಗೆ ಹೆಣ್ಣು ಹುಟ್ಟಿತು. ಪಾಲಕ್ಕ ಎಂದು ಹೆಸರಿಟ್ಟರು, ಕರೆಯುತ್ತಿದ್ದದ್ದು ಪಾಲಿ. ನನ್ನನ್ನು ಹಿಡಿದುಕೊಂಡೇ ಅವಳು ನಿಲ್ಲಲು ಕಲಿತಳು. ನನ್ನ ಹಿಡಿಗೆ ಜೋತುಬಿದ್ದು ತೂಗಾಡುವಳು, ನೀರು ಬಂದರೆ ಕಿಲಕಿಲ ನಗುವಳು. ಹಟ್ಟಿಯಲ್ಲಿ ವಾಂತಿಭೇದಿಯ ಹೆಸರೇ ಇಲ್ಲವಾಗಿತ್ತು. ನಾನೂ ಬೀಗುತ್ತಿದ್ದೆ. ಮಕ್ಕಳನ್ನು ಉಳಿಸಿದವನು ನಾನು ಎಂದುಕೊಳ್ಳುತ್ತಿದ್ದೆ.

ಪಾಲಿಯ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಅವುಗಳ ಮೇಲೆ ಕಂದು ಗೆರೆಗಳಿದ್ದವು. ಹಟ್ಟಿಯ ಬೇರೆ ಮಕ್ಕಳ ಹಲ್ಲಿನ ಮೇಲೂ ಇದ್ದವು. ಇಜ್ಜಲಲ್ಲಿ ಉಜ್ಜಿದರೆ ಹೋದೀತು ಎಂದರು ದೊಡ್ಡವರು. ಆದರೆ ಪಾಲಿಯ ಮಂಡಿಗಳು ಒಂದಕ್ಕೊಂದು ತಾಗತೊಡಗಿದವು. ಪಾದಗಳು ಹೊರಕ್ಕೆ ಸರಿದವು. ನನ್ನ ಕಟ್ಟೆ ಹತ್ತಲು ಅವಳು ಕೈಯೂರಬೇಕಾಯಿತು. ಅದನ್ನು ಕಂಡ ಮಾರಕ್ಕ ಎಲ್ಲಿಂದಲೋ ಒಂದು ಚಪ್ಪಟೆ ಕಲ್ಲು ತಂದು ಕಟ್ಟೆಗೆ ಮೆಟ್ಟಿಲಾಗಿ ಇಟ್ಟಳು. ತಮಾಷೆ ಮಾಡುವುದನ್ನೂ ಅವತ್ತಿನಿಂದ ಬಿಟ್ಟಳು.

ಸಿಸ್ಟರು ನಿಶ್ಶಕ್ತಿ ಎಂದರು, ಟಾನಿಕ್ಕು ಕೊಟ್ಟರು. ಓಬಕ್ಕ ನೀರನ್ನು ಇನ್ನಷ್ಟು ಹೊತ್ತು ಕುದಿಸಿದಳು.

ಅಷ್ಟರಲ್ಲಿ ಅವಳಿಗೆ ಗಂಡು ಮಗುವಾಗಿತ್ತು. ಅದು ತೆವಳಿ ನನ್ನ ಹತ್ತಿರ ಬರುವ ವಯಸ್ಸಿಗೆ ನಫೀಸಾ ಬಂದಳು.

ನಫೀಸಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಹೆಗಲಿಗೊಂದು ಚೀಲ, ಅದರಲ್ಲಿ ಗಾಜಿನ ಕೊಳವೆಗಳು. ಮನೆಮನೆಗೂ ಹೋಗಿ, ಎದ್ದಾಗಿನಿಂದ ಮಲಗುವವರೆಗೆ ಏನೇನು ತಿನ್ನುತ್ತೀರಿ, ಏನೇನು ಕುಡಿಯುತ್ತೀರಿ ಎಂದು ಕೇಳುವಳು. ಮಕ್ಕಳ ಬಾಯಿ ತೆರೆಸಿ ಹಲ್ಲು ನೋಡುವಳು. ಅವರ ಮೂತ್ರವನ್ನು ಪುಟ್ಟ ಬಾಟಲಿಗಳಲ್ಲಿ ತುಂಬಿಸಿಕೊಂಡು ಹೋದ ದಿನ ನನ್ನ ಕಟ್ಟೆಯ ಸುತ್ತ ನಗುವೋ ನಗು.

"ದನದ ಗಂಜ್ಳ ತಗಂಡೋಗೋರ್ನ ನೋಡಿದ್ದೆ. ಈವಮ್ಮ ನಮ್ಮ ಹುಡುಗ್ರದ್ದೂ ಬಿಡಲಿಲ್ವಲ್ಲೇ."

"ಓದಿ ಓದಿ ಹಿಂಗಾಗದಾದ್ರೆ ನಮ್ಮ ಹುಡುಗ್ರು ಕುರಿ ಕಾಯೋದೇ ವಾಸಿ."

ನಫೀಸಾ ತಾನೂ ನಕ್ಕಳು. ಮುಂದಿನ ತಿಂಗಳು ಮತ್ತೆ ಬಂದಳು. ನನ್ನ ನೀರನ್ನು ಕೊಳವೆಗೆ ಹಿಡಿದು, ಗುಲಾಬಿ ಬಣ್ಣದ ಔಷಧಿಯ ಹನಿ ಬಿಟ್ಟಳು. ಗುಲಾಬಿ ನಿಲ್ಲಲಿಲ್ಲ, ಕಿತ್ತಳೆಗೆ ತಿರುಗಿತು. ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಿದೆ, ಬಣ್ಣ ಹಳದಿಯ ಕಡೆಗೆ ಹೋದಷ್ಟೂ ಹೆಚ್ಚು ಎಂದು ಸಿಸ್ಟರಿಗೆ ಹೇಳಿದಳು. ಬಂಡೆಯ ಒಳಗಿನಿಂದ ಬರುವಂಥದು. ಮೊದಲು ಹಲ್ಲಿಗೆ, ಆಮೇಲೆ ಮೂಳೆಗೆ ಸೇರುತ್ತದೆ.

ಆ ಮಾತು ಕೇಳಿದಾಗ ನನ್ನ ಕೊಳವೆಯೊಳಗೆ ನಿಂತಿದ್ದ ನೀರು ಸರ್ರನೆ ಕೆಳಗೆ ಇಳಿದುಹೋದಂತಾಯಿತು. ನಾನು ತಂದುಕೊಟ್ಟದ್ದು ಅದನ್ನೇ. ತಣ್ಣಗೆ, ತಿಳಿಯಾಗಿ, ಕೇಳಿದವರಿಗೆಲ್ಲ.

ನಫೀಸಾಳ ಪ್ರಶ್ನೆ ಅಷ್ಟಕ್ಕೆ ಮುಗಿದಿರಲಿಲ್ಲ. "ಎಲ್ಲ ಮನೆಗೂ ಇದೇ ನೀರು ಸಿಸ್ಟರ್. ಮಾರಕ್ಕನ ಮಕ್ಕಳ ಹಲ್ಲು ಕೆಟ್ಟಿದೆ, ಆದ್ರೆ ಕಾಲು ನೆಟ್ಟಗಿದೆ. ಪಾಲೀಗೆ ಮಾತ್ರ ಯಾಕೆ ಇಷ್ಟೊಂದು?"

"ಬಡವರ ಮನೆ ಅಲ್ವೇನಮ್ಮ. ಹಾಲು ಮೊಸರು ಎಲ್ಲಿಂದ ತರ್ತಾಳೆ ಪಾಪ."

"ಬಡತನ ಮಾರಕ್ಕನ ಮನೇಲೂ ಅಷ್ಟೇ ಇದೆಯಲ್ಲ."

ಆ ದಿನ ಬಿಸಿಲು ಜೋರಾಗಿತ್ತು. ನಫೀಸಾ ನನ್ನ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುವುದನ್ನು ಕಂಡು ಓಬಕ್ಕ ಒಂದು ಚೊಂಬು ನೀರು ತಂದಳು. "ಬೋರಿಂಗಿನ ಹಸಿ ನೀರು ಕುಡೀಬೇಡವ್ವ. ಇದು ಕಾಸಿದ್ದು."

"ಎಷ್ಟು ಹೊತ್ತು ಕಾಯಿಸ್ತೀರಿ ಓಬಕ್ಕ?"

"ಅರ್ಧಕ್ಕೆ ಇಳಿಯಗಂಟ. ಕಸಾಯ ಇಳಿಸ್ದಂಗೆ. ಬೇಕಾರೆ ಸಿಸ್ಟ್ರನ್ನ ಕೇಳು."

ಪಕ್ಕದಲ್ಲಿದ್ದ ಸಿಸ್ಟರ ಮುಖದಲ್ಲಿ ಸಂತೋಷವಿತ್ತು. ಒಳ್ಳೆಯ ವಿದ್ಯಾರ್ಥಿಯನ್ನು ಇನ್ಸ್‌ಪೆಕ್ಟರ ಮುಂದೆ ನಿಲ್ಲಿಸಿದ ಮೇಷ್ಟ್ರ ಸಂತೋಷ. ಓಬಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ಒಲೆಯತ್ತ ಹೋದಳು. ನಫೀಸಾ ಚೊಂಬನ್ನು ತುಟಿಗೆ ಒಯ್ಯಲಿಲ್ಲ. ಸ್ವಲ್ಪ ನೀರನ್ನು ಕೊಳವೆಗೆ ಸುರಿದು, ಹನಿ ಬಿಟ್ಟು, ಆಗಲೇ ನನ್ನ ನೀರು ಹಿಡಿದಿದ್ದ ಗಾಜಿನ ಕೊಳವೆಯ ಪಕ್ಕ ಇಟ್ಟಳು.

ನನ್ನದು ಕಿತ್ತಳೆ. ಅದು ಅಪ್ಪಟ ಹಳದಿ.

"ಕುದಿಸಿದ್ರೆ ಹುಳ ಸಾಯುತ್ತೆ ಸಿಸ್ಟರ್, ನೀವು ಹೇಳಿದ್ದು ಸರಿ. ಆದ್ರೆ ಇದು ಹುಳ ಅಲ್ಲ. ನೀರು ಆವಿಯಾಗಿ ಹೋಗುತ್ತೆ, ಇದು ಹೋಗಲ್ಲ. ಗಡಿಗೆಯಲ್ಲೇ ಉಳಿಯುತ್ತೆ."

ಸಿಸ್ಟರು ಎರಡು ಕೊಳವೆಗಳನ್ನೂ ನೋಡುತ್ತಲೇ ನಿಂತರು. "ಸಾರು ಇಂಗಿದ್ರೆ ಉಪ್ಪಾಗೋ ಹಾಗೆ" ಎಂದರು ಕೊನೆಗೆ.

"ಹೌದು. ಹೆಚ್ಚುಕಡಿಮೆ ಎರಡರಷ್ಟು ಆಗಿರುತ್ತೆ."

"ನಾನು ಅದನ್ನ ಕಣ್ಣಾರೆ ನೋಡಿದ್ದೆ. ನೋಡಿ ಹೊಗಳಿದ್ದೆ."

ನಫೀಸಾ ಅವರ ತೋಳು ಮುಟ್ಟಿದಳು. "ನಾನು ಹೋಗಿ ಹೇಳ್ತೀನಿ ಸಿಸ್ಟರ್. ನೀರು ಸರಿ ಇಲ್ಲ ಅಂತಷ್ಟೇ ಹೇಳಿದ್ರೆ ಸಾಕು. ಕಾಯಿಸಿದ ವಿಷಯ ಎತ್ತೋದೇ ಬೇಡ."

"ಬೇಡ ಮಗು. ಎತ್ತದಿದ್ರೆ ಇನ್ನೂ ಕುದಿಸ್ತಾಳೆ. ಆ ಕೂಸಿಗೂ ಕುಡಿಸ್ತಾಳೆ."

ಸಿಸ್ಟರು ಒಬ್ಬರೇ ಅಂಗಳಕ್ಕೆ ನಡೆದರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಲ್ಲ ಹೇಳಿದರು. ಓಬಕ್ಕ ಸೌದೆ ಮುಂದೂಡುವುದನ್ನು ನಿಲ್ಲಿಸಿದಳು. ಗಡಿಗೆಯಲ್ಲಿ ನೀರು ಕುದಿಯುತ್ತಲೇ ಇತ್ತು.

"ನೀವು ಹೇಳ್ದಂಗೇ ಮಾಡಿದ್ನಲ್ಲ ಸಿಸ್ಟ್ರೆ."

"ಹೌದು ಓಬಕ್ಕ."

"ಆ ಮಾರಕ್ಕನಂಗೆ ಸೋಮಾರಿಯಾಗಿದ್ದಿದ್ರೆ ನನ್ನ ಪಾಲಿ ನೆಟ್ಟಗೆ ನಡೀತಿದ್ಲಾ?"

ಓಬಕ್ಕ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಸ್ಟರು ನನ್ನ ಬಳಿ ಬಂದು ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತರು. ಆ ಹೊತ್ತಿನಲ್ಲಿ ಅವರ ತಪ್ಪು ಯಾವುದು, ನನ್ನದು ಯಾವುದು ಎಂದು ಬೇರ್ಪಡಿಸಲು ನನಗೆ ಆಗಲಿಲ್ಲ. ಇವತ್ತಿಗೂ ಆಗಿಲ್ಲ.

ಮಳೆಗಾಲಕ್ಕೆ ಮುಂಚೆ ನಫೀಸಾ ತನ್ನ ಗುರುಗಳನ್ನು ಕರೆತಂದಳು. ಸುತ್ತಲಿನ ನೀರನ್ನೆಲ್ಲ ಪರೀಕ್ಷೆ ಮಾಡಿದರು. ಕೊನೆಗೆ ಶಾಲೆಯ ಚಾವಣಿಯ ಮಳೆನೀರನ್ನು ಮರಳಿನಲ್ಲಿ ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಕೂಡಿಡುವುದೆಂದಾಯಿತು. ಕುಡಿಯಲು, ಅಡಿಗೆಗೆ ಆ ನೀರು ಮಾತ್ರ. ಮಕ್ಕಳಿಗೆ ನುಗ್ಗೆಸೊಪ್ಪು, ರಾಗಿ, ಸಿಕ್ಕಿದಷ್ಟು ಹಾಲು. ನಾನು ಬಟ್ಟೆ ಪಾತ್ರೆಗೆ ಉಳಿದೆ. ಹಾಗಾದದ್ದು ನನಗೆ ಸಮಾಧಾನವೇ.

ಮಳೆ ಬಿದ್ದು ತೊಟ್ಟಿ ತುಂಬಿದ ಮೇಲೂ ಓಬಕ್ಕ ಅದರ ಕಡೆ ಹೋಗಲಿಲ್ಲ. "ಅವತ್ತೂ ಒಳ್ಳೇದೇ ಅಂದಿದ್ರು" ಎಂದಷ್ಟೇ ಹೇಳಿ, ನನ್ನ ನೀರನ್ನೇ ಹಸಿಯಾಗಿ ಒಯ್ಯತೊಡಗಿದಳು. ಅವಳ ಕೊಡಕ್ಕೆ ನೀರು ಬಿಡುವಾಗ ನನ್ನ ಒಳಗೆ ನೀರೆತ್ತುವ ತೊಗಲಿನ ಬಿಲ್ಲೆ ಹರಿದುಹೋಗಬಾರದೇ ಎನಿಸುತ್ತಿತ್ತು. ಕೂಸು ಕಟ್ಟೆ ಹಿಡಿದು ನಿಲ್ಲಲು ಕಲಿಯುತ್ತಿತ್ತು, ಅಕ್ಕನ ಹಾಗೆಯೇ.

ಆಗ ಸಿಸ್ಟರು ಸಂಜೆ ಕೆಲಸ ಮುಗಿಸಿ ತೊಟ್ಟಿಯಿಂದ ಒಂದು ಕೊಡ ನೀರು ಹೊತ್ತು ತಂದು ಓಬಕ್ಕನ ಬಾಗಿಲಲ್ಲಿಟ್ಟು ಹೋಗತೊಡಗಿದರು. ಕರೆಯುತ್ತಿರಲಿಲ್ಲ, ಬಾಗಿಲು ತಟ್ಟುತ್ತಿರಲಿಲ್ಲ. ಓಬಕ್ಕ ಆ ನೀರನ್ನು ಬೇವಿನ ಮರಕ್ಕೆ ಸುರಿದಳು. ಮಾರನೆಯ ದಿನವೂ ಸುರಿದಳು. ಮಾರಕ್ಕನಿಗೆ ತಡೆಯಲಾಗಲಿಲ್ಲ. "ಮರದ ಕಾಲು ನೆಟ್ಟಗೈತೆ ಕಣೇ ಓಬಿ. ಹುಡುಗಂಗೆ ಕುಡಿಸು."

ಮಾರನೆಯ ಸಂಜೆಯಿಂದ ಕೊಡ ಒಳಗೆ ಹೋಯಿತು. ಬೆಳಿಗ್ಗೆ ಬೆಳಗಿದ ಖಾಲಿ ಕೊಡ ಬಾಗಿಲ ಹೊರಗೆ ಕವುಚಿಟ್ಟಿರುತ್ತಿತ್ತು. ಅದು ಬಹಳ ಕಾಲ ನಡೆಯಿತು.

ನಫೀಸಾ ವರ್ಷಕ್ಕೊಮ್ಮೆ ಬಂದು ಅದೇ ಮಕ್ಕಳನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿದಳು. ಪರಿಹಾರ ಕೊಟ್ಟಾಯಿತಲ್ಲ, ಇನ್ನೇನು ನೋಡುವುದು ಎಂದು ಹಟ್ಟಿಯವರಿಗೆ ಆಶ್ಚರ್ಯ. "ಕೊಟ್ಟಿದ್ದು ಸರಿ ಇತ್ತಾ ಅಂತ ನೋಡ್ಬೇಕಲ್ಲಮ್ಮ" ಎನ್ನುವಳು. ನಾನು ಬಂದಾಗ ಒಬ್ಬರಾದರೂ ಹೀಗೆ ಬಂದು ನೋಡಿದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಪಾಲಿಯ ಕಾಲಿಗೆ ದುರ್ಗದ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದರು. ಸ್ವಲ್ಪ ಸುಧಾರಿಸಿತು, ಪೂರ್ತಿ ನೆಟ್ಟಗಾಗಲಿಲ್ಲ. ಈಗ ಅವಳು ದೊಡ್ಡವಳು, ನಫೀಸಾಳ ಗುಂಪಿನ ಜೊತೆ ಬೇರೆ ಹಟ್ಟಿಗಳಿಗೆ ಹೋಗುತ್ತಾಳೆ. ಓಲಾಡುತ್ತಾ ನಡೆದು, ಅಂಗಳದಲ್ಲಿ ಕುಳಿತು, "ನೀರು ಕಾಸ್ತೀರಾ? ಎಷ್ಟಕ್ಕೆ ಇಳಿಸ್ತೀರಾ?" ಎಂದು ಕೇಳುತ್ತಾಳಂತೆ. ಮೊದಲು ಯಾವ ಪ್ರಶ್ನೆಪಟ್ಟಿಯಲ್ಲೂ ಆ ಪ್ರಶ್ನೆ ಇರಲಿಲ್ಲ.

ನನಗೆ ವಯಸ್ಸಾಯಿತು. ಹಿಡಿ ಬಿಚ್ಚಿಕೊಂಡು ಹೋದರು. ಸತುವಿನ ಲೇಪ ಸುಲಿದು ತುಕ್ಕು ಹಿಡಿದಿದೆ. ಮೈಗೆ ಆಡು ಕಟ್ಟುತ್ತಾರೆ. ಮೂತಿಯ ಅಂಚು ಮಾತ್ರ ಇನ್ನೂ ನುಣುಪು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು ಕೇಡು ಮಾಡಿದರೆ ಯಾರನ್ನು ಕ್ಷಮೆ ಕೇಳಬೇಕು ಎಂಬುದು ನನಗೆ ತಿಳಿದಿಲ್ಲ. ಕಬ್ಬಿಣಕ್ಕೆ ಕೇಳಲೂ ಬಾರದು.

ಮೊನ್ನೆ ಎಸ್ತರ್ ಸಿಸ್ಟರು ಬಂದಿದ್ದರು. ನಿವೃತ್ತರಾಗಿ ಬಹಳ ಕಾಲವಾಗಿದೆ, ಬಸ್ಸು ಇಳಿದು ನಡೆದು ಬರುವಷ್ಟರಲ್ಲಿ ಏದುಸಿರು. ಓಬಕ್ಕನ ಮನೆಯ ಹೊಸಿಲನ್ನು ಅವರು ಎಲ್ಲ ಹೇಳಿದ ಆ ದಿನದಿಂದ ದಾಟಿಲ್ಲ. ಎಂದಿನಂತೆ ನನ್ನ ಕಟ್ಟೆಯ ಮೇಲೆ ಕುಳಿತರು. ಓಬಕ್ಕನ ಮಗ ಹೊಲದಿಂದ ಬಂದ, ಉದ್ದನೆಯ ನೆಟ್ಟನೆ ಕಾಲಿನ ಹುಡುಗ. "ಚೆನ್ನಾಗಿದ್ದೀರಾ ಸಿಸ್ಟ್ರೆ" ಎಂದು ನಕ್ಕ. ಹಲ್ಲು ಬೆಳ್ಳಗಿದ್ದವು. ಸಿಸ್ಟರು ಅವನ ಹಲ್ಲು ನೋಡಿದರು, ಆಮೇಲೆ ಅಂಗಳದಲ್ಲಿ ಓಲಾಡುತ್ತಾ ಬಟ್ಟೆ ಹರವುತ್ತಿದ್ದ ಪಾಲಿಯನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಓಬಕ್ಕ ಒಳಗಿನಿಂದ ಬಂದಳು. ಕೈಯಲ್ಲಿ ಊಟದ ತಟ್ಟೆ, ಬಿಸಿ ಮುದ್ದೆ, ನುಗ್ಗೆಸೊಪ್ಪಿನ ಸಾರು. ತಟ್ಟೆಯನ್ನು ಮುಂದೆ ಹಿಡಿದಳು. ಸಿಸ್ಟರು ಎರಡೂ ಕೈ ಚಾಚಿ ತೆಗೆದುಕೊಂಡರು.